ಪಾಲು, ಹಾಲು, ಆಲು

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನವರಿಗೆ ಕೇಳಿಸ್ತಿದೆ ಅಲ್ವಾ? ಸರಿ.

ಐದು ನಿಮಿಷದ ಕೆಳಗೆ ಇಲ್ಲಿ ಒಂದು ಸಣ್ಣ ಸಂಗತಿ ನಡೆಯಿತು. ನಿರೂಪಣೆ ಮಾಡುತ್ತಿರುವ ಗೆಳೆಯರು ಮೈಕಿನ ಮುಂದೆ ನಿಂತು, "ಇಂದಿನ ಉಪನ್ಯಾಸಕರು ವೇದಿಕೆಯನ್ನು ಅಲಂಕರಿಸಬೇಕೆಂದು ವಿನಂತಿಸಿಕೊಳ್ಳುತ್ತೇನೆ" ಎಂದರು. ನಾನು ಮೆಟ್ಟಿಲು ಹತ್ತಿ ಬಂದೆ. ಅವರು ಮೈಕಿಗೆ ಕೈ ಅಡ್ಡ ಹಿಡಿದು ಮೆಲ್ಲಗೆ, "ಬನ್ನಿ ಸಾರ್, ಈ ಕುರ್ಚೀಲಿ ಕೂತ್ಕೊಳ್ಳಿ, ಆ ಕಡೇದು ಅಲ್ಲಾಡುತ್ತೆ" ಅಂದರು. ಎರಡು ಮಾತಿನ ನಡುವೆ ಅರ್ಧ ನಿಮಿಷವೂ ಇರಲಿಲ್ಲ. ಮೊದಲನೆಯ ಮಾತನ್ನು ಅವರು ಮನೆಯಲ್ಲಿ ಯಾರಿಗೂ ಹೇಳಿರಲಾರರು. ಎರಡನೆಯದನ್ನು ಮೈಕಿನಲ್ಲಿ ಹೇಳುವವರಲ್ಲ. ಆದರೆ ನಾನು ಬೀಳದೆ ಉಳಿದದ್ದು ಎರಡನೆಯದರಿಂದ.

ಈ ಎರಡು ಕನ್ನಡಗಳ ಬಗ್ಗೆಯೇ ಇವತ್ತು ಮಾತಾಡಬೇಕು ಅಂತ ಬಂದಿದ್ದೇನೆ. ಒಂದಕ್ಕೆ ಗ್ರಾಂಥಿಕ ಅನ್ನುತ್ತೇವೆ, ಬರಹದ ಕನ್ನಡ ಅನ್ನುತ್ತೇವೆ, ಕೆಲವರು 'ಶುದ್ಧ ಕನ್ನಡ' ಅಂತಲೂ ಅನ್ನುತ್ತಾರೆ. ಇನ್ನೊಂದು ಆಡುಮಾತು. ಬರಹದ ಕನ್ನಡವೇ ನಿಜವಾದ ಕನ್ನಡ, ಆಡುಮಾತು ಅದು ಸವೆದು, ಮುರಿದು, ಕೊಳೆಯಾದ ರೂಪ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ನಾನೂ ನಂಬಿದ್ದೆ. ಸುಮ್ನೆ ನಂಬಿದ್ದಲ್ಲ, ಅದಕ್ಕೆ ಸಂಬಳವನ್ನೂ ತೆಗೆದುಕೊಂಡಿದ್ದೆ. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದೆ.

ಹಳೇ ಮೈಸೂರು ಕಡೆಯ ಒಂದು ಹಳ್ಳಿ. ಎಂಟನೇ ಕ್ಲಾಸು. 'ನನ್ನ ತಾಯಿ' ಎಂದು ಒಂದು ಪ್ರಬಂಧ ಬರೆಯಿರಿ ಅಂದಿದ್ದೆ. ಒಬ್ಬ ಹುಡುಗ ಹೀಗೆ ಬರೆದಿದ್ದ: "ನಮ್ಮವ್ವ ಒಲದಲ್ಲಿ ಅವ್ಳೆ. ಒತ್ತಾರೆನೇ ಎದ್ದು ಓಯ್ತಾಳೆ. ಸಂಜೆ ಬತ್ತಾಳೆ. ಬಂದ ತಕ್ಸಣ ನನ್ನ ತಲೆ ಮುಟ್ಟಿ ನೋಡ್ತಾಳೆ, ಬಿಸ್ಲಲ್ಲಿ ಆಡಿದ್ನಾ ಅಂತ." ನಾನು ಕೆಂಪು ಪೆನ್ನು ತೆಗೆದೆ. ಒಲ, ಅವ್ಳೆ, ಒತ್ತಾರೆ, ಓಯ್ತಾಳೆ, ಬತ್ತಾಳೆ, ತಕ್ಸಣ, ಎಲ್ಲಕ್ಕೂ ಸುತ್ತು ಹಾಕಿದೆ. ಪುಟ ಪೂರ್ತಿ ಕೆಂಪಾಯಿತು. ಹುಡುಗ ಜಾಣ. ಮುಂದಿನ ಸಲ ಒಂದು ಗೈಡು ಹಿಡಿದುಕೊಂಡು ಬರೆದ: "ನನ್ನ ತಾಯಿಯು ನನಗೆ ದೇವರಾಗಿದ್ದಾರೆ. ಅವರು ನನ್ನನ್ನು ಅತ್ಯಂತ ಪ್ರೀತಿಯಿಂದ ಪಾಲನೆ ಪೋಷಣೆ ಮಾಡುತ್ತಾರೆ." ಹತ್ತಕ್ಕೆ ಎಂಟು ಕೊಟ್ಟೆ. ತಲೆ ಮುಟ್ಟಿ ನೋಡುವ ಅವ್ವ ಆ ಎರಡನೇ ಪುಟದಲ್ಲಿ ಎಲ್ಲೂ ಇರಲಿಲ್ಲ. ಅದು ನನಗೆ ಹೊಳೆಯುವ ಹೊತ್ತಿಗೆ ಆ ಹುಡುಗನಿಗೇ ಮಕ್ಕಳಾಗಿದ್ದವು.

ಅವನ ಆ 'ತಪ್ಪು'ಗಳನ್ನು ಈಗ ಒಂದೊಂದಾಗಿ ನೋಡೋಣ. ಮೊದಲು 'ಒಲ'. ಹೊಲಕ್ಕೆ ಒಲ, ಹೋಗುತ್ತಾಳೆಗೆ ಓಯ್ತಾಳೆ, ಹಾಲಿಗೆ ಆಲು. ಹಕಾರ ಬಿಡುವ ಜನರನ್ನು ನೋಡಿ ನಾವು ನಗುತ್ತೇವೆ. ಸಿನಿಮಾದಲ್ಲಿ ಹಳ್ಳಿಯವನೆಂದು ತೋರಿಸಬೇಕಾದರೆ ಅವನ ಬಾಯಿಂದ ಒಂದು 'ಆಲು' ಅನ್ನಿಸಿದರೆ ಸಾಕು. ಪಾಪ, ನಗುವಿಗೆ ಹೆದರಿದವರು ಇಲ್ಲದ ಕಡೆಯೂ ಹಕಾರ ಸೇರಿಸಿ 'ಹಾನೆ', 'ಹಾಕಾಶ' ಅಂದುಬಿಡುತ್ತಾರೆ. ಆಮೇಲೆ ಅದಕ್ಕೂ ನಗುತ್ತೇವೆ.

ಆದರೆ ಈ ಹಕಾರ ಎಲ್ಲಿಂದ ಬಂತು? ಹಳಗನ್ನಡದಲ್ಲಿ ಅದು ಹಾಲಲ್ಲ, ಪಾಲ್. ಹಾವಲ್ಲ, ಪಾವು. ಹತ್ತಲ್ಲ, ಪತ್ತು. ಹೋಗಲಿಲ್ಲ, ಪೋದರು. ತಮಿಳರು ಈಗಲೂ ಪಾಲ್ ಅನ್ನುತ್ತಾರೆ, ತೆಲುಗರು ಪಾಲು ಅನ್ನುತ್ತಾರೆ. ಕನ್ನಡ ನಾಡಿನಲ್ಲಿ ಸುಮಾರು ಹತ್ತನೇ ಶತಮಾನದಿಂದ ಶಾಸನಗಳಲ್ಲಿ ಪಕಾರದ ಜಾಗದಲ್ಲಿ ಹಕಾರ ಕಾಣಿಸಿಕೊಳ್ಳಲು ಶುರುವಾಯಿತು. 13ನೇ ಶತಮಾನದಲ್ಲಿ ಕೇಶಿರಾಜ ತನ್ನ ವ್ಯಾಕರಣ ಬರೆಯುವ ಹೊತ್ತಿಗೆ ಎರಡೂ ಬಳಕೆಯಲ್ಲಿದ್ದವು. ಆಮೇಲೆ ಹಕಾರ ಗೆದ್ದಿತು. ಹೇಗೆ ಗೆದ್ದಿತು? ಯಾವ ಪಂಡಿತನೂ ಕೂತು ತೀರ್ಮಾನ ಮಾಡಲಿಲ್ಲ. ಜನ ಆಡಿದರು, ಅಷ್ಟೇ. ತುಟಿ ಎರಡೂ ಸೇರಿ 'ಪ' ಅನ್ನುವುದನ್ನು ಬಿಟ್ಟು ಬರೀ ಉಸಿರಿನಲ್ಲಿ 'ಹ' ಅಂದರು. ಆ ಕಾಲದಲ್ಲಿ ನನ್ನಂಥ ಒಬ್ಬ ಮೇಷ್ಟ್ರು ಇದ್ದಿದ್ದರೆ 'ಹಾಲು' ಎಂದು ಬರೆದ ಹುಡುಗನ ಓಲೆಗರಿಗೆ ಕೆಂಪು ಸುತ್ತು ಹಾಕಿರುತ್ತಿದ್ದರು.

ಅಂದರೆ ಪಾಲು ಹಾಲಾದದ್ದು ಭಾಷೆಯ ಬೆಳವಣಿಗೆ. ಹಾಲು ಆಲಾದರೆ ಅದು ದಡ್ಡತನ! ಒಂದೇ ದಾರಿಯ ಎರಡು ಹೆಜ್ಜೆ ಇವು. ಮೊದಲನೆಯದು ಪುಸ್ತಕಕ್ಕೆ ಸೇರಿತು, ಎರಡನೆಯದು ಸೇರಲಿಲ್ಲ. ವ್ಯತ್ಯಾಸ ಇಷ್ಟೇ: ಎರಡನೇ ಹೆಜ್ಜೆ ಇಟ್ಟವರ ಕೈಯಲ್ಲಿ ಅಚ್ಚಿನ ಯಂತ್ರ ಇರಲಿಲ್ಲ.

ಇನ್ನೊಂದು ವಿಷಯ ನೋಡಿ. ಪಕಾರ ಹಕಾರವಾದಾಗ ಕಂಡಕಂಡಲ್ಲಿ ಆಗಲಿಲ್ಲ. ಅಪ್ಪ 'ಅಹ್ಹ' ಆಗಲಿಲ್ಲ. ಕಪ್ಪು, ತಪ್ಪು, ಉಪ್ಪು ಹಾಗೇ ಉಳಿದವು. ಒತ್ತಕ್ಷರದಲ್ಲಿ ಪಕಾರ ಗಟ್ಟಿಯಾಗಿ ನಿಂತಿತು, ಪದದ ಮೊದಲಿನ ಒಂಟಿ ಪಕಾರ ಮಾತ್ರ ಕರಗಿತು. ಸುಮಾರು ನಾಲ್ಕೈದು ನೂರು ವರ್ಷ, ಓದು ಬರಹ ಬಾರದ ಜನ, ಯಾರೂ ಹೇಳಿಕೊಡದೆ ಈ ನಿಯಮವನ್ನು ಪಾಲಿಸಿದ್ದಾರೆ. ಇದಕ್ಕೆ ಸೋಮಾರಿ ನಾಲಿಗೆ ಅನ್ನುತ್ತೀರಾ?

ಆ ಹುಡುಗನ 'ಅವ್ಳೆ'ಗೆ ಬರೋಣ. ನಾನು ಅದನ್ನು 'ಇದ್ದಾಳೆ' ಎಂದು ತಿದ್ದಿದ್ದೆ. ಅವನ ಊರಿನಲ್ಲಿ ಅವ್ನೆ, ಅವ್ಳೆ, ಅವ್ರೆ, ಐತೆ, ಅವೆ ಎಂದು ಪೂರ್ತಿ ಒಂದು ಸಾಲೇ ಇದೆ. ನಮ್ಮ ಇದ್ದಾನೆ, ಇದ್ದಾಳೆ, ಇದ್ದಾರೆ, ಇದೆ, ಇವೆಗೆ ಸರಿಯಾಗಿ ಒಂದಕ್ಕೊಂದು. ಅವನು ಒಮ್ಮೆಯೂ ಅವ್ನೆ ಅನ್ನುವಲ್ಲಿ ಅವ್ಳೆ ಅನ್ನುತ್ತಿರಲಿಲ್ಲ. ನನ್ನ ವ್ಯಾಕರಣ ಅವನಿಗೆ ಬರುತ್ತಿರಲಿಲ್ಲ, ನಿಜ. ಅವನ ವ್ಯಾಕರಣ ನನಗೂ ಬರುತ್ತಿರಲಿಲ್ಲವಲ್ಲ! ಆದರೆ ಪೆನ್ನು ನನ್ನ ಕೈಯಲ್ಲಿತ್ತು.

ಆಡುಮಾತಿಗೂ ವ್ಯಾಕರಣ ಇದೆ ಎಂದರೆ ಕೆಲವರಿಗೆ ನಂಬಿಕೆ ಬರುವುದಿಲ್ಲ. ಇಲ್ಲೇ ಒಂದು ಪರೀಕ್ಷೆ ಮಾಡೋಣ. 'ಪುಸ್ತಕವನ್ನು ಕೊಡು' ಎಂದು ಬರೆಯುತ್ತೇವೆ. ಮಾತಿನಲ್ಲಿ 'ಪುಸ್ತಕ ಕೊಡು' ಅನ್ನುತ್ತೇವೆ. 'ಅನ್ನು' ಬಿದ್ದುಹೋಯಿತು. ಹಾಗಾದರೆ ಆಡುಮಾತಿನಲ್ಲಿ ದ್ವಿತೀಯಾ ವಿಭಕ್ತಿಯೇ ಇಲ್ಲ, ಜನ ಅದನ್ನು ನುಂಗಿದ್ದಾರೆ ಅನ್ನೋಣವೇ? ಈಗ ಇದನ್ನು ಕೇಳಿ. 'ಮಗಳಿಗೆ ಹುಡುಗ ನೋಡ್ತಿದ್ದಾರೆ.' ಇನ್ನೊಂದು, 'ಹುಡುಗನ್ನ ನೋಡ್ತಿದ್ದಾರೆ.' ಎರಡರ ಅರ್ಥ ಒಂದೇನಾ? ಮೊದಲನೆಯದರಲ್ಲಿ ಹುಡುಗ ಇನ್ನೂ ಸಿಕ್ಕಿಲ್ಲ, ಹುಡುಕಾಟ ನಡೆದಿದೆ. ಎರಡನೆಯದರಲ್ಲಿ ಹುಡುಗ ಎದುರಿಗೇ ಕೂತಿದ್ದಾನೆ, ಪಾಪ ಬೆವರುತ್ತಿರಬಹುದು. ಇರುವ ವ್ಯಕ್ತಿಯಾದರೆ 'ನ್ನ' ಬೇಕೇ ಬೇಕು, ಯಾರೋ ಒಬ್ಬ ಆದರೆ ಬೇಡ. ವಸ್ತುವಾದರೆ ಸಾಮಾನ್ಯವಾಗಿ ಬೇಡ. ಇಷ್ಟು ನವಿರಾದ ಲೆಕ್ಕವನ್ನು ಮೂರು ವರ್ಷದ ಮಗು ಕೂಡ ತಪ್ಪದೆ ಮಾಡುತ್ತದೆ. ನಮ್ಮ ಶಾಲೆಯ ವ್ಯಾಕರಣ ಪುಸ್ತಕದಲ್ಲಿ ಈ ಮಾತು ನಾನು ಕಂಡಿಲ್ಲ. ಅಲ್ಲಿ 'ಅನ್ನು' ದ್ವಿತೀಯಾ ಪ್ರತ್ಯಯ ಅಂತ ಒಂದು ಸಾಲು, ಮುಗೀತು.

ಇನ್ನೊಂದು. ಪುಸ್ತಕ ಗಿಸ್ತಕ. ಮನೆ ಗಿನೆ. ಕಾಗದ ಗೀಗದ. ಊರು ಗೀರು. ಗಮನಿಸಿ, ಮೊದಲ ಅಕ್ಷರದ ಸ್ವರ ಗಿಡ್ಡವಾದರೆ 'ಗಿ', ಉದ್ದವಾದರೆ 'ಗೀ'. ಯಾರು ಹೇಳಿಕೊಟ್ಟರು? ಇವತ್ತು ಹೊಸದಾಗಿ ಬಂದ ಪದಕ್ಕೂ ಇದು ನಡೆಯುತ್ತದೆ: ಮೊಬೈಲು ಗಿಬೈಲು, ಫೋನು ಗೀನು. ಬರೀ ನಾಮಪದಕ್ಕಲ್ಲ, ಇಡೀ ಕ್ರಿಯಾಪದಕ್ಕೂ. 'ಬಂದೆ ಗಿಂದೆ ಅಂತ ಸುಳ್ಳು ಹೇಳ್ಬೇಡ.' ಹಾಗಾದರೆ 'ಗಿ'ಯಿಂದಲೇ ಶುರುವಾಗುವ ಗಿಡಕ್ಕೆ ಏನು ಮಾಡುತ್ತೀರಿ? ಗಿಡ ಗಿಡ ಅಂದರೆ ಎರಡು ಗಿಡ ಆಗುತ್ತದೆ. ಕೆಲವರು ಗಿಡ ಪಿಡ ಅನ್ನುತ್ತಾರೆ, ಕೆಲವರು ಗಿಡ ಗಂಟಿ ಅಂತ ತಪ್ಪಿಸಿಕೊಳ್ಳುತ್ತಾರೆ. ಆದರೆ ಅಲ್ಲೊಂದು ತೊಡಕಿದೆ ಅಂತ ಎಲ್ಲರ ನಾಲಿಗೆಗೂ ಗೊತ್ತು. ಈಗ ಒಂದಿಬ್ಬರು ಒಳಗೊಳಗೇ ಹೇಳಿ ನೋಡುತ್ತಿದ್ದೀರಿ, ಕಾಣಿಸುತ್ತಿದೆ.

ಆಡುಮಾತಿನ ಈ ನಿಯಮಗಳನ್ನು ಹುಡುಕಿ ಬರೆದಿಟ್ಟವರಲ್ಲಿ ಒಬ್ಬರು ಹೊರಗಿನವರು. ವಿಲಿಯಂ ಬ್ರೈಟ್ ಅಂತ, ಅಮೆರಿಕದ ಭಾಷಾವಿಜ್ಞಾನಿ. ಆಡುಗನ್ನಡದ ಮೇಲೆ ಅವರು ಬರೆದ ಪುಟ್ಟ ಪುಸ್ತಕ 1958ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಿಂದ ಬಂತು. ಅವರಿಗೆ ಒಂದು ಅನುಕೂಲ ಇತ್ತು. ಯಾವುದು ಶುದ್ಧ, ಯಾವುದು ಅಶುದ್ಧ ಅಂತ ಅವರಿಗೆ ಯಾರೂ ಚಿಕ್ಕಂದಿನಲ್ಲಿ ಬೈದಿರಲಿಲ್ಲ. ಕೇಳಿದ್ದನ್ನು ಕೇಳಿದ ಹಾಗೆ ಬರೆದುಕೊಂಡರು. ನಮ್ಮವರೇ ಆದ ಡಿ.ಎನ್. ಶಂಕರಬಟ್ಟರು ಆಮೇಲೆ, ನಾವು ಕನ್ನಡದ ವ್ಯಾಕರಣ ಅಂತ ಓದುತ್ತಿರುವುದು ಬಹುಪಾಲು ಸಂಸ್ಕೃತದ ವ್ಯಾಕರಣದ ಅಚ್ಚಿನಲ್ಲಿ ಎರೆದದ್ದು ಅಂತ ಜೀವಮಾನವಿಡೀ ವಾದಿಸಿದರು. ಮಹಾಪ್ರಾಣವನ್ನು ಬರಹದಿಂದಲೇ ಕೈಬಿಡಬೇಕು ಅನ್ನುವ ಅವರ ಮಾತಿಗೆ ಬಹಳ ಜನ ಸಿಟ್ಟಾದರು. ನಾನು ಆ ವಿಷಯದಲ್ಲಿ ಅವರ ಜೊತೆ ಪೂರ್ತಿ ಇಲ್ಲ. ಆದರೆ ಒಂದು ಮಾತು. ಭಾಷೆ, ಧರ್ಮ, ಭಯ ಎಂದು ಮಹಾಪ್ರಾಣ ಹಾಕಿ ಬರೆಯುವ ನಾವು ಮನೆಯಲ್ಲಿ, ಬಸ್ಸಿನಲ್ಲಿ ಎಷ್ಟು ಸಲ ಅದನ್ನು ನಿಜವಾಗಿ ಉಸಿರು ಬಿಟ್ಟು ಉಚ್ಚರಿಸುತ್ತೇವೆ? ಇವತ್ತು ರಾತ್ರಿ ನಿಮ್ಮನ್ನೇ ನೀವು ಕೇಳಿಸಿಕೊಳ್ಳಿ.

ಈಗ ನನಗೆ ತುಂಬಾ ಇಷ್ಟವಾದ ಪದಕ್ಕೆ ಬರುತ್ತೇನೆ. ಪದ ಅಲ್ಲ, ಬಾಲ. 'ಅಂತೆ.'

ಮಳೆ ಬಂತು. ಮಳೆ ಬಂದಂಗಿದೆ. ಮಳೆ ಬಂತಂತೆ. ಮೂರೂ ಒಂದೇ ಮಳೆ. ಮೊದಲನೆಯದರಲ್ಲಿ ನಾನೇ ನೋಡಿದ್ದೇನೆ ಅಥವಾ ನೆಂದಿದ್ದೇನೆ. ಎರಡನೆಯದರಲ್ಲಿ ನೆಲ ಒದ್ದೆಯಾಗಿದ್ದನ್ನು ನೋಡಿ ಊಹಿಸುತ್ತಿದ್ದೇನೆ. ಮೂರನೆಯದರಲ್ಲಿ ಯಾರೋ ಹೇಳಿದರು, ಹೊಣೆ ನನ್ನದಲ್ಲ. ಮಾತಾಡುವ ಮನುಷ್ಯ ತನಗೆ ಗೊತ್ತಿರುವುದು ಹೇಗೆ ಗೊತ್ತು ಅನ್ನುವುದನ್ನು ಪ್ರತಿ ವಾಕ್ಯದಲ್ಲೂ ಎರಡಕ್ಷರದಲ್ಲಿ ಹೇಳಿಬಿಡುತ್ತಾನೆ. ನ್ಯಾಯಾಲಯದಲ್ಲಿ ವಕೀಲರು ಅರ್ಧ ಗಂಟೆ ಅಡ್ಡಸವಾಲು ಹಾಕಿ ಹೊರಗೆಳೆಯುವ ಸಂಗತಿ ಇದು.

ಪತ್ರಿಕೆಯ ಕನ್ನಡ ಇದೇ ಕೆಲಸಕ್ಕೆ ಏನು ಮಾಡುತ್ತದೆ ನೋಡಿ. 'ಎಂದು ತಿಳಿದುಬಂದಿದೆ.' 'ಎನ್ನಲಾಗಿದೆ.' 'ಎಂದು ಹೇಳಲಾಗುತ್ತಿದೆ.' ಯಾರು ಹೇಳಿದರು? ಯಾರಿಗೆ ತಿಳಿಯಿತು? ಗೊತ್ತಿಲ್ಲ. ಎರಡಕ್ಷರದ ಕೆಲಸಕ್ಕೆ ಇಷ್ಟುದ್ದದ ಮಾತು, ಮೇಲೆ ಒಂದು ಮುಸುಕು ಬೇರೆ.

'ಅಂತೆ'ಯನ್ನು 'ನಾನು' ಜೊತೆ ಹಾಕಿದರೆ ಇನ್ನೂ ಚೆನ್ನ. 'ನಾನು ನಿದ್ದೇಲಿ ಮಾತಾಡ್ತಿದ್ನಂತೆ.' ನನ್ನ ಬಗ್ಗೆಯೇ ನಾನು ಬೇರೆಯವರಿಂದ ಕೇಳಿದ್ದು. ಸರಿ. ಇದನ್ನೇ ಸ್ವಲ್ಪ ದನಿ ಏರಿಸಿ, 'ನಾನು ಸುಳ್ಳು ಹೇಳಿದ್ನಂತೆ!' ಅನ್ನಿ. ಈಗ ಅದು ಸುದ್ದಿಯಲ್ಲ, ಜಗಳ. ಅವರು ಹಾಗಂದರು, ನೋಡಿ ಅವರ ಧೈರ್ಯ ಎಂಬಷ್ಟೂ ಅದರಲ್ಲಿ ಇದೆ. 'ನಾನು ಸುಳ್ಳು ಹೇಳಿದೆನೆಂದು ಅವರು ಆರೋಪಿಸಿರುತ್ತಾರೆ' ಎಂದು ಬರೆದರೆ ಅರ್ಥ ಬಂತು, ಕೋಪ ಎಲ್ಲಿ ಹೋಯಿತು?

ಆಡುಮಾತು ಅಂದಾಗ ನಾನು ಇಷ್ಟು ಹೊತ್ತು ಒಂದೇ ಕನ್ನಡದ ಹಾಗೆ ಮಾತಾಡಿದೆ. ಒಂದೇ ಅಲ್ಲ ಅನ್ನುವುದು ಹಳೆಯ ಸುದ್ದಿ. ಸುಮಾರು 850ರ ಕವಿರಾಜಮಾರ್ಗದಲ್ಲೇ ಈ ಮಾತಿದೆ: ಕನ್ನಡಗಳಲ್ಲಿ ದೇಸಿ ಬೇರೆ ಬೇರೆಯಾಗಿ ಇರುವುದರಿಂದ ಇಷ್ಟೇ ದೋಷ ಎಂದು ಲೆಕ್ಕ ಹಾಕಲು ಹೊರಟರೆ ವಾಸುಕಿಗೂ ಬೇಸರ ಬಂದೀತು ಅಂತ. ಕನ್ನಡ ಅಂತಲ್ಲ, 'ಕನ್ನಡಂಗಳ್' ಅಂತ ಬಹುವಚನ. ಅದೇ ಪುಸ್ತಕ, ಈ ನಾಡಿನ ಜನ ಓದದೆಯೂ ಕಾವ್ಯದಲ್ಲಿ ಪಳಗಿದವರು ಅಂತ ಹೊಗಳುತ್ತದೆ. ಇವತ್ತಿನ ನಮ್ಮ ಎಷ್ಟೋ ಪಠ್ಯಪುಸ್ತಕಗಳಿಗಿಂತ ಆ ರಾಜಸಭೆಯ ಪಂಡಿತನಿಗೆ ಜನರ ನಾಲಿಗೆಯ ಮೇಲೆ ಮರ್ಯಾದೆ ಜಾಸ್ತಿ ಇತ್ತು ಅನ್ನಿಸುತ್ತದೆ.

'ಬರುವುದಿಲ್ಲ' ಅನ್ನುವ ಒಂದು ಪದ ತೆಗೆದುಕೊಳ್ಳಿ. ಬೆಂಗಳೂರಲ್ಲಿ ಬರಲ್ಲ. ಮಂಡ್ಯದ ಕಡೆ ಬರಾಕಿಲ್ಲ. ಧಾರವಾಡದಲ್ಲಿ ಬರಂಗಿಲ್ಲ. ಮಂಗಳೂರಲ್ಲಿ ಬರುದಿಲ್ಲ. ಹವ್ಯಕರ ಮನೆಯಲ್ಲಿ ಬತ್ತಿಲ್ಲೆ. ಪುಸ್ತಕದ 'ಬರುವುದಿಲ್ಲ'ವನ್ನು ಇದ್ದದ್ದು ಇದ್ದ ಹಾಗೇ ಹೇಳುವವರು ಯಾವ ಊರಿನಲ್ಲೂ ಇಲ್ಲ. ಅದು ಯಾರ ಮನೆಮಾತೂ ಅಲ್ಲ.

ಮತ್ತೆ, ಈ ಊರುಗಳ ಮಾತುಗಳನ್ನು ನಾವು ಕೆಟ್ಟುಹೋದ ಕನ್ನಡ ಅನ್ನುತ್ತೇವಲ್ಲ, ಅವುಗಳಲ್ಲಿ ಪಂಪನ ಕಾಲದ ಕನ್ನಡ ಜೀವಂತ ಇದೆ. ಹವ್ಯಕರು 'ನಾನು' ಅನ್ನದೆ 'ಆನು' ಅನ್ನುತ್ತಾರೆ. ಹಳಗನ್ನಡದ 'ಆನ್' ಅದು. ಅವರ 'ಹೋಪದು', 'ಬಪ್ಪದು' ಇವೆಯಲ್ಲ, ಅವು ಹಳಗನ್ನಡದ ಪೋಪ, ಬರ್ಪಗಳ ಮೊಮ್ಮಕ್ಕಳು. ಕರಾವಳಿಯಲ್ಲಿ 'ಮೀಯುವುದು' ಅನ್ನುತ್ತಾರೆ. ಹಳೆಯ ಕಾವ್ಯದಲ್ಲಿ ಹಾಗೇ ಮಿಂದರು. ನಾವು ಶುದ್ಧ ಕನ್ನಡದವರು 'ಸ್ನಾನ' ಮಾಡುತ್ತೇವೆ, ಬಡಗಣದವರು 'ಜಳಕ' ಮಾಡುತ್ತಾರೆ. ಸ್ನಾನವೂ ಸಂಸ್ಕೃತ, ಜಳಕದ ಒಳಗಿರುವ ಜಲವೂ ಸಂಸ್ಕೃತ. ಅಚ್ಚ ಕನ್ನಡದಲ್ಲಿ ಮೀಯುವವನನ್ನು ಕಂಡು ನಗುವುದು ಮಾತ್ರ ನಾವು.

ಹಳೇ ಮೈಸೂರಿನ ಹಳ್ಳಿಯಲ್ಲಿ ಏನಾದರೂ ಕೇಳಿದರೆ 'ನಾ ಕಾಣೆ' ಅನ್ನುತ್ತಾರೆ, ಗೊತ್ತಿಲ್ಲ ಅನ್ನುವ ಅರ್ಥಕ್ಕೆ. 'ಇಲ್ಲ' ಅನ್ನುವ ಪದದ ಹಂಗಿಲ್ಲದೆ ಕ್ರಿಯಾಪದವೇ ನಿಷೇಧ ಹೇಳುವ ಹಳಗನ್ನಡದ ರೂಪ ಇದು. ಕಾಣೆ ಎಂದರೆ ನಾನು ಕಾಣುವುದಿಲ್ಲ. ಉತ್ತರ ಕರ್ನಾಟಕದ 'ಒಲ್ಲೆ' ಕೂಡ ಇದೇ ಜಾತಿ. ನಾವು ದಿನಾ ಹೇಳುವ 'ಮಾಡಬಾರದು', 'ಸಾಲದು' ಕೂಡ. ಪೊಲೀಸರ ಪ್ರಕಟಣೆಯಲ್ಲಿ 'ಕಾಣೆಯಾಗಿದ್ದಾರೆ' ಎಂದು ಬರುತ್ತದಲ್ಲ, ಅಲ್ಲಿ ಆ 'ನಾನು ಕಾಣೆ' ಅನ್ನುವ ಹಳೆಯ ವಾಕ್ಯ ಇಡಿಯಾಗಿ ಸಿಕ್ಕಿಹಾಕಿಕೊಂಡಿದೆ. ಬರೆದವರಿಗೂ ಅದು ಕಾಣದು.

ನನ್ನ ಹುಡುಗನ 'ಒತ್ತಾರೆ'ಯೂ ಹೀಗೇ. ಹೊತ್ತಾರೆ, ಅಂದರೆ ಬೆಳಗ್ಗೆ, ಹೊತ್ತು ಮೂಡುವ ವೇಳೆ. ವಚನಗಳಲ್ಲಿ ಇದೇ ಪದ ಇದೆ. ನಾನು ಅದಕ್ಕೆ ಸುತ್ತು ಹಾಕಿ ಪಕ್ಕದಲ್ಲಿ 'ಪ್ರಾತಃಕಾಲ' ಅಂತ ಬರೆದಿದ್ದೆ. ದೇವರೇ.

ಹಾಗಂತ ನಾನು ಬರಹದ ಕನ್ನಡ ಸುಳ್ಳು, ಅದನ್ನು ಕಿತ್ತು ಬಿಸಾಡಿ ಅನ್ನುತ್ತಿಲ್ಲ. ಹಾಗೆ ಅನ್ನುವವರೂ ಇದ್ದಾರೆ, ನನಗೆ ಒಪ್ಪಿಗೆ ಇಲ್ಲ. ನೂರು ವರ್ಷ ಹಿಂದೆ ಹೋಗಿ. ಕನ್ನಡ ಆಡುವ ಜನ ಮೈಸೂರು ಸಂಸ್ಥಾನ, ಮುಂಬಯಿ ಪ್ರಾಂತ, ಮದ್ರಾಸ್ ಪ್ರಾಂತ, ನಿಜಾಮರ ಹೈದರಾಬಾದು, ಕೊಡಗು ಅಂತ ಹಂಚಿಹೋಗಿದ್ದರು. ಬೀದರಿನವರ ಮಾತು ಚಾಮರಾಜನಗರದವರಿಗೆ ಸುಲಭಕ್ಕೆ ತಿಳಿಯುತ್ತಿರಲಿಲ್ಲ. 1915ರಲ್ಲಿ ಸಾಹಿತ್ಯ ಪರಿಷತ್ತು ಹುಟ್ಟಿದಾಗ ಎಲ್ಲ ಕಡೆಯವರಿಗೂ ಒಂದೇ ಬರಹದ ಕನ್ನಡ ಬೇಕು ಅನ್ನುವುದು ದೊಡ್ಡ ಚಿಂತೆಯಾಗಿತ್ತು. 1956ರಲ್ಲಿ ರಾಜ್ಯ ಒಂದಾದದ್ದರ ಹಿಂದೆ ಆ ಬರಹದ ಕನ್ನಡವೂ ಇದೆ. ಧಾರವಾಡದ ಪತ್ರಿಕೆಯನ್ನು ಮೈಸೂರಿನವನು ಓದಿದ, ಮೈಸೂರಿನ ಕಾದಂಬರಿಯನ್ನು ಮಂಗಳೂರಿನವಳು ಓದಿದಳು. ಯಾರ ಮನೆಮಾತೂ ಅಲ್ಲದ ಕಾರಣಕ್ಕೇ ಅದು ಎಲ್ಲರದೂ ಆಗಬಹುದಾಗಿತ್ತು. ಮನೆಯಲ್ಲಿ ಮರಾಠಿ ಆಡುತ್ತಿದ್ದ ಬೇಂದ್ರೆ, ತಮಿಳು ಆಡುತ್ತಿದ್ದ ಮಾಸ್ತಿ, ಕೊಂಕಣಿ ಆಡುತ್ತಿದ್ದ ಕಾರ್ನಾಡ, ಎಲ್ಲರೂ ಕನ್ನಡದಲ್ಲಿ ಬರೆದು ಜ್ಞಾನಪೀಠ ಪಡೆದರು. ಅದರಲ್ಲಿ ಬೇಂದ್ರೆ ಧಾರವಾಡದ ಬೀದಿಯ ಮಾತನ್ನೇ ಕಾವ್ಯ ಮಾಡಿದರು. ಮನೆಮಾತು ಮರಾಠಿಯಾದವರು! 'ಹುಟ್ಟು ಕನ್ನಡಿಗರ ಮಾತು' ಅಂತ ಜಂಬ ಪಡುವವರು ಇದನ್ನು ಸ್ವಲ್ಪ ಯೋಚಿಸಬೇಕು.

ಮಾತಿಗೂ ಬರಹಕ್ಕೂ ದೂರ ಇರುವುದು ನಮ್ಮಲ್ಲಿ ಮಾತ್ರ ಅಲ್ಲ. ಒಂದೇ ಸಮಾಜದಲ್ಲಿ ಎತ್ತರದ ಭಾಷೆ ಒಂದು, ದಿನಬಳಕೆಯದು ಒಂದು ಎಂದು ಇರುವುದಕ್ಕೆ 'ಡೈಗ್ಲಾಸಿಯಾ' ಅನ್ನುತ್ತಾರೆ. 1959ರಲ್ಲಿ ಚಾರ್ಲ್ಸ್ ಫರ್ಗ್ಯುಸನ್ ಎಂಬ ವಿದ್ವಾಂಸರ ಒಂದು ಲೇಖನದಿಂದ ಈ ಹೆಸರು ಹರಡಿತು. ಅವರು ಕೊಟ್ಟ ಉದಾಹರಣೆಗಳಲ್ಲಿ ಅರಬ್ಬಿ ಇದೆ, ಗ್ರೀಕ್ ಇದೆ. ಗ್ರೀಸಿನಲ್ಲಿ 'ಶುದ್ಧ' ಎಂಬ ಅರ್ಥದ ಹೆಸರೇ ಇಟ್ಟುಕೊಂಡಿದ್ದ ಬರಹದ ಭಾಷೆಯನ್ನು 1976ರಲ್ಲಿ ಸರ್ಕಾರ ಕೈಬಿಟ್ಟು ಜನರ ಭಾಷೆಗೆ ಬಂತು. ನಮ್ಮ ಪಕ್ಕದ ತೆಲುಗಿನಲ್ಲಿ ಗಿಡುಗು ವೆಂಕಟ ರಾಮಮೂರ್ತಿಯವರು ವ್ಯಾವಹಾರಿಕ ಭಾಷೆಗಾಗಿ ವರ್ಷಗಟ್ಟಲೆ ಹೋರಾಡಿದರು. ಅವರು ಹುಟ್ಟಿದ ಆಗಸ್ಟ್ 29ನ್ನು ಅಲ್ಲಿ ಭಾಷಾ ದಿನ ಅಂತ ಆಚರಿಸುತ್ತಾರೆ. ಕನ್ನಡದಲ್ಲಿ ಅಷ್ಟು ದೊಡ್ಡ ಕದನ ಆಗಲಿಲ್ಲ. ನಮ್ಮವರು ಸದ್ದಿಲ್ಲದೆ ಹಳಗನ್ನಡದಿಂದ ಹೊಸಗನ್ನಡಕ್ಕೆ ಬಂದರು, ಅಲ್ಲಿಗೆ ನಿಂತರು.

ನನ್ನ ಜಗಳ ಬರಹದ ಕನ್ನಡದ ಮೇಲಲ್ಲ. ಮಾತಿನ ಬೇರು ಕಡಿದುಕೊಂಡ ಬರಹದ ಮೇಲೆ. 'ಬೆಂಗಳೂರು ಕರ್ನಾಟಕದ ರಾಜಧಾನಿಯಾಗಿದೆ.' ಇದು ಯಾವ ಕನ್ನಡ? 'ಬೆಂಗಳೂರು ಕರ್ನಾಟಕದ ರಾಜಧಾನಿ.' ಮುಗಿಯಿತಲ್ಲ! ಕನ್ನಡಕ್ಕೆ ಅಲ್ಲಿ ಕ್ರಿಯಾಪದ ಬೇಡವೇ ಬೇಡ. ಇಂಗ್ಲಿಷಿಗೆ ಬೇಕು, ಅದಕ್ಕೆ ನಾವೂ ಒಂದು 'ಆಗಿದೆ' ಅಂಟಿಸಿಕೊಂಡೆವು. ನನ್ನ ಹುಡುಗನ ಗೈಡಿನಲ್ಲಿ ತಾಯಿ 'ದೇವರಾಗಿದ್ದಾರೆ' ಅಂತ ಇತ್ತಲ್ಲ, ಅದೇ ಕಾಯಿಲೆ. ಇನ್ನು ಗೋಡೆಯ ಮೇಲೆ 'ಸಾರ್ವಜನಿಕರ ಪ್ರವೇಶವನ್ನು ನಿಷೇಧಿಸಲಾಗಿದೆ' ಎಂದು ಬರೆದಿರುತ್ತದೆ. ಯಾರು ನಿಷೇಧಿಸಿದರು ಅಂತ ಕೇಳಲು ಒಬ್ಬ ಮನುಷ್ಯ ಆ ವಾಕ್ಯದಲ್ಲಿ ಇಲ್ಲ. ಪಕ್ಕದಲ್ಲಿ ಕಾವಲುಗಾರ ನಿಂತಿರುತ್ತಾನೆ. ಅವನು 'ಒಳಗೆ ಬಿಡಲ್ಲ ಸಾರ್' ಅನ್ನುತ್ತಾನೆ. ಅವನ ಜೊತೆ ವಾದ ಮಾಡಬಹುದು, ಬೇಡಿಕೊಳ್ಳಬಹುದು. ಗೋಡೆಯ ಜೊತೆ ಆಗುವುದಿಲ್ಲ. ಅದು ಗೊತ್ತಿದ್ದೇ ಹಾಗೆ ಬರೆಯುತ್ತಾರೋ ಏನೋ.

ಈಗಿನ ಹುಡುಗರು ಫೋನಿನಲ್ಲಿ 'ಬರ್ತೀನಿ', 'ಹೋಗ್ಬೇಕಿತ್ತು', 'ಏನ್ ಮಾಡ್ತಿದೀಯ' ಎಂದು ಬರೆಯುವುದನ್ನು ನೋಡಿ ಕೆಲವು ಹಿರಿಯರು ಕನ್ನಡ ಹಾಳಾಯಿತು ಅನ್ನುತ್ತಾರೆ. ನನಗೆ ಖುಷಿಯಾಗುತ್ತದೆ. ಇಷ್ಟೊಂದು ಜನ, ಇಷ್ಟೊಂದು ಆಡುಮಾತನ್ನು, ದಿನಾ ಬರೆದ ಕಾಲ ಇದಕ್ಕೆ ಮುಂಚೆ ಇರಲಿಲ್ಲ. ಕಷ್ಟವೂ ಇದೆ. 'ಹ್ಯಾಗೆ' ಬರೆಯಬೇಕೋ 'ಹೆಂಗೆ' ಬರೆಯಬೇಕೋ, ಒತ್ತು ಎಲ್ಲಿ ಕೊಡಬೇಕೋ, ಒಬ್ಬೊಬ್ಬರದು ಒಂದೊಂದು ರೀತಿ. ಆಗಲಿ ಬಿಡಿ. ಪಾಲು ಹಾಲಾಗುವಾಗಲೂ ನಾಲ್ಕೈದು ನೂರು ವರ್ಷ ಹೀಗೇ ಗೊಂದಲ ಇತ್ತು.

ಕೊನೆಗೆ ನನ್ನ ಇನ್ನೊಂದು ತಪ್ಪು ಹೇಳಿ ಮುಗಿಸುತ್ತೇನೆ. 1980ರ ದಶಕದಲ್ಲಿ ನಮ್ಮ ಸೋದರತ್ತೆ ಹೇಳುತ್ತಿದ್ದ ಕಥೆಗಳನ್ನು ಒಂದು ಟೇಪಿನಲ್ಲಿ ಹಿಡಿದಿಟ್ಟಿದ್ದೆ. ಅತ್ತೆಗೆ ಓದು ಬರಹ ಬರುತ್ತಿರಲಿಲ್ಲ. ರಜೆಯಲ್ಲಿ ಕೂತು ಅವನ್ನೆಲ್ಲ 'ಒಳ್ಳೆಯ' ಕನ್ನಡದಲ್ಲಿ ಬರೆದೆ. 'ಒಂದು ಊರಿನಲ್ಲಿ ಒಬ್ಬ ರಾಜನಿದ್ದನು. ಅವನಿಗೆ ಮೂವರು ಹೆಂಡತಿಯರಿದ್ದರು.' ಓದಿ ನೋಡಿದರೆ ಕಥೆ ಬಿದ್ದುಹೋಗಿತ್ತು. ಏಕೆ ಅಂತ ಆಗ ತಿಳಿಯಲಿಲ್ಲ. ನೋಟ್‌ಬುಕ್ಕು ಮುಚ್ಚಿಟ್ಟೆ.

ಹೋದ ವರ್ಷ ಟೇಪನ್ನು ಮತ್ತೆ ಹಾಕಿ ಕೇಳಿದೆ. ಅತ್ತೆ 'ಇದ್ದನು' ಅಂದೇ ಇಲ್ಲ. 'ಒಂದೂರಲ್ಲಿ ಒಬ್ಬ ರಾಜ ಇದ್ದನಂತೆ. ಅವನ್ಗೆ ಮೂರ್ ಜನ ಎಂಡ್ರಂತೆ.' ಎಲ್ಲ ವಾಕ್ಯಕ್ಕೂ ಒಂದು 'ಅಂತೆ'. ಅವಳಿಗೆ ಅವಳ ಅಜ್ಜಿ ಹೇಳಿದ್ದು, ಆ ಅಜ್ಜಿಗೆ ಇನ್ಯಾರೋ ಹೇಳಿದ್ದು. ತಾನು ನೋಡಿದ್ದೇನೆ ಅಂತ ಅವಳು ಎಲ್ಲೂ ಹೇಳಿಕೊಳ್ಳುವುದಿಲ್ಲ. ನಾನು ಪ್ರತಿಯೊಂದು 'ಅಂತೆ'ಯನ್ನೂ ಕಿತ್ತು ಹಾಕಿ, ಅವಳನ್ನು ಆ ರಾಜನ ಅರಮನೆಗೆ ಸಾಕ್ಷಿಯಾಗಿ ನಿಲ್ಲಿಸಿಬಿಟ್ಟಿದ್ದೆ. ಇನ್ನೊಂದನ್ನೂ ಕಿತ್ತಿದ್ದೆ. ನಾಲ್ಕು ಮಾತಿಗೊಮ್ಮೆ ಅವಳು 'ಊಂ ಅನ್ನು' ಅನ್ನುತ್ತಾಳೆ. ಕೇಳುವವನು ಹೂಂಗುಟ್ಟದಿದ್ದರೆ ಕಥೆ ಮುಂದೆ ಹೋಗುವುದಿಲ್ಲ. ಬರಹದಲ್ಲಿ ಅದು ಅನವಶ್ಯಕ ಅನ್ನಿಸಿತ್ತು.

ಆ ಟೇಪಿನ ನಾಲ್ಕು ನಿಮಿಷವನ್ನು ಫೋನಿಗೆ ಹಾಕಿಕೊಂಡು ತಂದಿದ್ದೇನೆ. ಸ್ವಲ್ಪ ಗರಗರ ಇದೆ, ನಡುವೆ ಒಂದು ಕೋಳಿ ಕೂಗುತ್ತದೆ. ಮೈಕಿನ ಹತ್ತಿರ ಹಿಡಿಯುತ್ತೇನೆ. ಅತ್ತೆ 'ಊಂ ಅನ್ನು' ಅಂದಾಗ ನಾನೊಬ್ಬನೇ ಅಂದರೆ ಚೆನ್ನಾಗಿರಲ್ಲ, ನೀವೂ ಅನ್ನಿ.